ಸ್ನಾಯುವನ್ನು ಎಲ್ಲಿ ಕಲಿಯುವುದು?

— ವಿಶ್ವವಿದ್ಯಾಲಯಗಳ ಪಟ್ಟಿ ಮಾಡ್ಕೊಂಡು ಬಂದಿದ್ದೀನಿ ಸರ್. ಎಲ್ಲದರಲ್ಲೂ ಸ್ನಾಯು ಜೀವಶಾಸ್ತ್ರದ ತರಬೇತಿ ಇದೆ. ಯಾವುದಕ್ಕೆ ಅರ್ಜಿ ಹಾಕಲಿ ಹೇಳಿ.

— ಪಟ್ಟಿ ಹಾಗೇ ಇರಲಿ. ಸ್ನಾಯುವಿನಲ್ಲಿ ಏನು ಮಾಡಬೇಕು ಅಂತಿದೀಯ?

— ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ, ಹುಡುಗರ ಸ್ನಾಯು ಸವೆಸೋ ಆ ರೋಗ. ಎಂಎಸ್ಸಿ ಎರಡನೇ ವರ್ಷದಲ್ಲಿ ಅದರ ಮೇಲೇ ಸೆಮಿನಾರ್ ಕೊಟ್ಟಿದ್ದೆ.

— ಎಂಎಸ್ಸಿಯಲ್ಲಿ ಎಲ್ಲರೂ ಡುಶೇನೇ ಆರಿಸಿಕೊಳ್ಳೋದು. ಕಥೆ ಅಷ್ಟು ಚೆನ್ನಾಗಿದೆಯಲ್ಲ. ಬಾಸ್ಟನ್ನಿನಲ್ಲಿ ಲೂಯಿ ಕುಂಕೆಲ್ ಗುಂಪು ಮೊದಲು ಜೀನ್ ಹಿಡೀತು. ಅದು ಯಾವ ಪ್ರೋಟೀನ್ ಮಾಡುತ್ತೆ ಅನ್ನೋದು ಆಮೇಲೆ, 1987ರಲ್ಲಿ ಗೊತ್ತಾಯ್ತು. ಅದಕ್ಕೆ ಡಿಸ್ಟ್ರೋಫಿನ್ ಅಂತ ಹೆಸರಿಟ್ಟರು. 79 ಎಕ್ಸಾನ್, 20 ಲಕ್ಷಕ್ಕೂ ಹೆಚ್ಚು ಅಕ್ಷರಗಳ ಜೀನ್. ಸರಿ, ಆದರೆ ‘ಡುಶೇನ್ ಮೇಲೆ ಕೆಲಸ’ ಅಂತ ಒಂದು ಕೆಲಸ ಇಲ್ಲ. ಒಬ್ಬ ಕತ್ತಲೆ ಕೋಣೆಯಲ್ಲಿ ಲೇಸರ್ ಇಟ್ಟುಕೊಂಡು ಒಂದೇ ಒಂದು ಮಯೋಸಿನ್ ಅಣು ಎಷ್ಟು ಪಿಕೋನ್ಯೂಟನ್ ಎಳೆಯುತ್ತೆ ಅಂತ ಅಳೀತಾನೆ. ಇನ್ನೊಬ್ಬಳು ಸ್ಯಾಟಲೈಟ್ ಕೋಶಗಳ ಹಿಂದೆ ಬಿದ್ದಿರ್ತಾಳೆ, 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನ ಅಂಚಿನಲ್ಲಿ ಕಂಡನಲ್ಲ, ಗಾಯವಾದಾಗ ಎದ್ದು ಕೆಲಸಕ್ಕೆ ನಿಲ್ಲುವ ಕೋಶಗಳು. ಮತ್ತೊಬ್ಬ ಜೀನ್ ಹೊತ್ತೊಯ್ಯೋ ವೈರಸ್ಸಿನ ಕವಚ ತಿದ್ದುತ್ತಾನೆ. ಇನ್ನೊಬ್ಬಳು ಸ್ಟಾಪ್‌ವಾಚ್ ಹಿಡಿದು, ಆರು ವರ್ಷದ ಹುಡುಗ ನೆಲದಿಂದ ಏಳೋಕೆ ಎಷ್ಟು ಸೆಕೆಂಡ್ ತಗೊಂಡ ಅಂತ ಬರ್ಕೋತಾಳೆ. ಈ ನಾಲ್ವರ ದಿನಚರಿಗೂ ಒಂದಕ್ಕೊಂದು ಸಂಬಂಧ ಇಲ್ಲ. ನಿನಗೆ ಬೇಕಿರೋದು ಯಾವ ದಿನಚರಿ?

— ಕೊನೆಯದು ಸಂಶೋಧನೆ ಅನಿಸೋದಿಲ್ಲ. ಫಿಸಿಯೋಥೆರಪಿ ಅದು.

— ಅಲ್ಲೇ ಎಡವೋದು. ನಾರ್ತ್ ಸ್ಟಾರ್ ಅಂತ ಒಂದು ಅಳತೆ ಇದೆ. 17 ಚಟುವಟಿಕೆ, ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ, ಒಟ್ಟು 34. ಕುರ್ಚಿಯಿಂದ ಏಳು, ಒಂದು ಕಾಲಲ್ಲಿ ನಿಲ್ಲು, ಕುಪ್ಪಳಿಸು, ಮಲಗಿದಲ್ಲಿಂದ ತಲೆ ಎತ್ತು. ಕೋಟಿಗಟ್ಟಲೆ ಸುರಿದ ಔಷಧಿ ಕೆಲಸ ಮಾಡುತ್ತಾ, ಇಲ್ವಾ ಅನ್ನೋ ತೀರ್ಮಾನ ಎಷ್ಟೋ ಸಲ ಈ ಒಂದೆರಡು ಅಂಕದ ಮೇಲೆ ನಿಂತಿರುತ್ತೆ. ಹುಡುಗ ಆವತ್ತು ಮುನಿಸಿಕೊಂಡಿದ್ದನಾ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಸ್ಸಲ್ಲಿ ಬಂದಿದ್ದನಾ, ಎಲ್ಲ ಅಂಕಕ್ಕೆ ತಾಗುತ್ತೆ. ಅದನ್ನ ಬೇರ್ಪಡಿಸಿ ಅಳೆಯೋದನ್ನ ಕಲಿಸೋ ವಿಶ್ವವಿದ್ಯಾಲಯಗಳಿವೆ. ಫ್ಲಾರಿಡಾದ ಗೇನ್ಸ್‌ವಿಲ್‌ನಲ್ಲಿ ಫಿಸಿಯೋಥೆರಪಿ ವಿಭಾಗದವರೇ ಎಂಆರ್‌ಐ ಇಟ್ಟುಕೊಂಡು ಕಾಲಿನ ಸ್ನಾಯುವಿನಲ್ಲಿ ಕೊಬ್ಬು ಹೇಗೆ ತುಂಬಿಕೊಳ್ಳುತ್ತೆ ಅಂತ ವರ್ಷಗಟ್ಟಲೆ ನೋಡಿದ್ದಾರೆ.

— ಗೇನ್ಸ್‌ವಿಲ್ ನನ್ನ ಪಟ್ಟಿಯಲ್ಲಿದೆ! ಆಮೇಲೆ ಪೆನ್ಸಿಲ್ವೇನಿಯಾ, ಯುಸಿಎಲ್‌ಎ, ಸಿಯಾಟಲ್, ನ್ಯೂಕ್ಯಾಸಲ್, ಲಂಡನ್, ಪ್ಯಾರಿಸ್.

— ಪಟ್ಟಿ ಒಳ್ಳೆಯದೇ. ಫಿಲಡೆಲ್ಫಿಯಾದಲ್ಲಿ ಪೆನ್ಸಿಲ್ವೇನಿಯಾ ಮಸಲ್ ಇನ್‌ಸ್ಟಿಟ್ಯೂಟ್ 1973ರಿಂದ ಇದೆ. ಮಯೋಸಿನ್‌ನಂಥ ಮೋಟಾರ್ ಪ್ರೋಟೀನ್ ಕಲೀಬೇಕು ಅಂದ್ರೆ ಅದಕ್ಕಿಂತ ಒಳ್ಳೆ ಜಾಗ ಬಹಳ ಇಲ್ಲ. ನ್ಯೂಕ್ಯಾಸಲ್‌ನ ಜಾನ್ ವಾಲ್ಟನ್ ಕೇಂದ್ರ ರೋಗಿಗಳ ಕಡೆಯಿಂದ ಹೊರಡೋ ಜಾಗ. ಆ ಅಮೆರಿಕದ ಹೆಸರುಗಳ ಎದುರಿಗೆ ಏನೋ ಬರ್ಕೊಂಡಿದೀಯಲ್ಲ?

— ‘ಟಿ32’. ಸ್ನಾಯು ತರಬೇತಿಗೆ ಅಂತಲೇ ಸರ್ಕಾರದ ದುಡ್ಡು, ಸ್ಟೈಪೆಂಡ್, ಫೀಸು ಎಲ್ಲ ಕೊಡ್ತಾರಂತೆ.

— ಕೊಡ್ತಾರೆ. ನಿನಗಲ್ಲ.

— ಅಂದ್ರೆ?

— ಟಿ32 ಅಂದ್ರೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಒಂದು ವಿಶ್ವವಿದ್ಯಾಲಯಕ್ಕೆ ಕೊಡೋ ತರಬೇತಿ ಅನುದಾನ. ಇಷ್ಟು ಪಿಎಚ್‌ಡಿ ವಿದ್ಯಾರ್ಥಿಗಳು, ಇಷ್ಟು ಪೋಸ್ಟ್‌ಡಾಕ್‌ಗಳು ಅಂತ ಸೀಟು ಲೆಕ್ಕ. 2024ರ ದರದಲ್ಲಿ ಪಿಎಚ್‌ಡಿ ವಿದ್ಯಾರ್ಥಿಗೆ ವರ್ಷಕ್ಕೆ 28,224 ಡಾಲರ್, ಹೊಸ ಪೋಸ್ಟ್‌ಡಾಕ್‌ಗೆ 61,008. ಆದರೆ ಆ ಸೀಟು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಇಲ್ಲ. ಎಫ್31, ಎಫ್32 ಅನ್ನೋ ವೈಯಕ್ತಿಕ ಫೆಲೋಶಿಪ್‌ಗಳಿಗೂ ಇದೇ ನಿಯಮ. ಪ್ರತಿ ವರ್ಷ ಧಾರವಾಡ, ಮಂಗಳೂರು, ಮೈಸೂರಿನ ಮಕ್ಕಳು ಇಂಥ ಜಾಹೀರಾತು ನೋಡಿ ರಾತ್ರಿಯೆಲ್ಲ ಕೂತು ಪ್ರಬಂಧ ಬರೀತಾರೆ. ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಪೌರತ್ವದ ಸಾಲು ಇರುತ್ತೆ. ಅದನ್ನ ಮೊದಲನೇ ಪುಟದಲ್ಲಿ ಹಾಕಿದ್ರೆ ಯಾರ ಗಂಟೂ ಹೋಗ್ತಿರಲಿಲ್ಲ.

— ಹಾಗಾದ್ರೆ ಅಲ್ಲಿರೋ ನಮ್ಮವರೆಲ್ಲ ಹೇಗೆ ಓದ್ತಾರೆ?

— ಬೇರೆ ಬಾಗಿಲಿಂದ. ಪಿಎಚ್‌ಡಿಗೆ ಅರ್ಜಿ ಹಾಕೋದು ಸ್ನಾಯು ತರಬೇತಿಗಲ್ಲ, ಜೀವವೈದ್ಯಕೀಯ ವಿಜ್ಞಾನದ ಒಟ್ಟಾರೆ ಕಾರ್ಯಕ್ರಮಕ್ಕೆ. ಮೊದಲ ವರ್ಷ ಎರಡು ಮೂರು ಪ್ರಯೋಗಾಲಯಗಳಲ್ಲಿ ಕೆಲವು ವಾರ ಕೆಲಸ ಮಾಡಿ ನೋಡಬೇಕು, ಆಮೇಲೆ ಒಂದನ್ನ ಆರಿಸ್ಕೋಬೇಕು. ಮೊದಲ ವರ್ಷದ ಖರ್ಚು ಹೆಚ್ಚಾಗಿ ವಿಶ್ವವಿದ್ಯಾಲಯದ್ದು, ಆಮೇಲೆ ಪ್ರೊಫೆಸರರ ಸ್ವಂತ ಅನುದಾನದಿಂದ. ಟಿ32 ಸೀಟು ಸಿಗದೇ ಇದ್ರೂ ಅದರ ತರಗತಿಗೆ, ಜರ್ನಲ್ ಕ್ಲಬ್ಬಿಗೆ, ವರ್ಷಕ್ಕೊಮ್ಮೆ ಊರಾಚೆ ನಡೆಯೋ ರಿಟ್ರೀಟ್‌ಗೆ ಹೋಗಬಹುದು, ಸಾಮಾನ್ಯವಾಗಿ ಯಾರೂ ಬಾಗಿಲು ಹಾಕಲ್ಲ. ತರಬೇತಿಯ ಸತ್ವ ಇರೋದೂ ಅದರಲ್ಲೇ. ಹಾಗಾಗಿ ಟಿ32 ಇದೆ ಅನ್ನೋದನ್ನ ಬೇರೆ ಥರ ಓದು: ಆ ಊರಲ್ಲಿ ಸ್ನಾಯುವಿನ ಬಗ್ಗೆ ಒಬ್ಬರಿಗೊಬ್ಬರು ಮಾತಾಡೋ ಹತ್ತಿಪ್ಪತ್ತು ಪ್ರಯೋಗಾಲಯಗಳಿವೆ ಅಂತ ಅರ್ಥ. 2025ರಲ್ಲಿ ಎನ್‌ಐಎಚ್ ಅನುದಾನಗಳು ಅಲ್ಲಾಡಿ ಕೆಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಪ್ರವೇಶವನ್ನೇ ಕಡಿಮೆ ಮಾಡಿದ್ದನ್ನೂ ನೆನಪಿಟ್ಕೋ.

— ಯುರೋಪಿನಲ್ಲೂ ಹೀಗೇನಾ?

— ಅಲ್ಲಿ ಕೆಲವು ಬಾಗಿಲು ದೊಡ್ಡದಾಗೇ ತೆರೆದಿದೆ. ಮೇರಿ ಕ್ಯೂರಿ ಹೆಸರಿನ ಡಾಕ್ಟರಲ್ ನೆಟ್‌ವರ್ಕ್‌ಗಳಿಗೆ ಯಾವ ದೇಶದವರಾದ್ರೂ ಅರ್ಜಿ ಹಾಕಬಹುದು. ಷರತ್ತು ಒಂದು ವಿಚಿತ್ರ: ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆ ದೇಶದಲ್ಲಿ ಇದ್ದಿರಬಾರದು. ಊರು ಬಿಟ್ಟು ಹೋಗೋರಿಗೇ ಅಂತ ಮಾಡಿದ್ದು. ಪ್ಯಾರಿಸ್ಸಿನ ಪಿಟಿಯೆ-ಸಾಲ್ಪೆಟ್ರಿಯೇರ್ ಆಸ್ಪತ್ರೆಯೊಳಗೆ ಮಯಾಲಜಿ ಇನ್‌ಸ್ಟಿಟ್ಯೂಟ್ ಇದೆ, ಅದರ ಬೇಸಿಗೆ ಶಾಲೆಗೆ ಜಗತ್ತಿನ ಮೂಲೆಮೂಲೆಯಿಂದ ವೈದ್ಯರೂ ಸಂಶೋಧಕರೂ ಬರ್ತಾರೆ. ಆ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಹೇಗೆ ಗೊತ್ತಾ?

— ಸರ್ಕಾರ ಕಟ್ಟಿಸಿರಬೇಕು.

— ಅಪ್ಪ ಅಮ್ಮಂದಿರು ಕಟ್ಟಿಸಿದ್ದು. ಸ್ನಾಯುರೋಗದ ಮಕ್ಕಳ ಪೋಷಕರ ಸಂಘ 1987ರಲ್ಲಿ ಟಿವಿಯಲ್ಲಿ ಮೂವತ್ತು ಗಂಟೆ ಬಿಡದೆ ಕಾರ್ಯಕ್ರಮ ಮಾಡಿ ಚಂದಾ ಎತ್ತೋಕೆ ಶುರು ಮಾಡಿತು, ಟೆಲಿಥಾನ್ ಅಂತ. ಆ ದುಡ್ಡಲ್ಲಿ 1990ರಲ್ಲಿ ಜೆನೆಥಾನ್ ಅನ್ನೋ ಪ್ರಯೋಗಾಲಯ ಬಂತು, ಮಾನವ ಜೀನೋಮಿನ ಮೊದಮೊದಲ ನಕ್ಷೆಗಳು ಅಲ್ಲಿಂದಲೇ ಬಂದವು. 1996ರಲ್ಲಿ ಮಯಾಲಜಿ ಇನ್‌ಸ್ಟಿಟ್ಯೂಟ್. ಅಮೆರಿಕದಲ್ಲೂ ಹೀಗೇ. ಪೋಷಕರು ಬೆನ್ನು ಬಿದ್ದು 2001ರಲ್ಲಿ ಸ್ನಾಯುರೋಗದ ಸಂಶೋಧನೆಗೆ ಎಂಡಿ-ಕೇರ್ ಅಂತ ಕಾನೂನೇ ಮಾಡಿಸಿದರು. ಅದರಿಂದ ಬಂದ ಕೇಂದ್ರಗಳಿಗೆ ಪಾಲ್ ವೆಲ್‌ಸ್ಟೋನ್ ಅನ್ನೋ ಸೆನೆಟರ್ ಹೆಸರು. ಆ ಕಾನೂನಿಗೆ ದುಡಿದವನು, 2002ರಲ್ಲಿ ವಿಮಾನ ಅಪಘಾತದಲ್ಲಿ ಹೋದ. ಆ ಕೇಂದ್ರಗಳು ಪ್ರಯೋಗದ ಜೊತೆಗೆ ಹೊಸಬರನ್ನ ತಯಾರು ಮಾಡೋ ಕೆಲಸಾನೂ ಮಾಡ್ತವೆ. ಬೆಂಗಳೂರಿನಲ್ಲೂ ಡುಶೇನ್ ಮಕ್ಕಳ ಪೋಷಕರು ಕಟ್ಟಿದ ಒಂದು ಟ್ರಸ್ಟ್ ಇದೆ, ಸ್ವಂತ ಪ್ರಯೋಗಾಲಯ ಇಟ್ಟು ಎಕ್ಸಾನ್ ದಾಟಿಸೋ ಆಂಟಿಸೆನ್ಸ್ ಅಣುಗಳ ಮೇಲೆ ಕೆಲಸ ಮಾಡಿದೆ. ಟಿವಿಯಲ್ಲಿ ಮೂವತ್ತು ಗಂಟೆ ಮಾತ್ರ ಅವರಿಗೆ ಯಾರೂ ಕೊಟ್ಟಿಲ್ಲ.

— ಸರಿ ಸರ್, ನೀವೇ ಹೇಳಿ. ಒಳ್ಳೆ ತರಬೇತಿ ಅಂತ ಗುರುತಿಸೋದು ಹೇಗೆ? ರ್‍ಯಾಂಕಿಂಗ್ ನೋಡ್ಲಾ?

— ರ್‍ಯಾಂಕಿಂಗ್ ಪತ್ರಿಕೆಯೋರಿಗೆ ಬೇಕು. ನಾನು ಕೇಳೋದು ಒಂದೇ: ಬಯಾಪ್ಸಿ ಬಂದಾಗ ವಿದ್ಯಾರ್ಥಿ ಎಲ್ಲಿರ್ತಾಳೆ?

— ಅರ್ಥ ಆಗಲಿಲ್ಲ.

— ಹೇಳ್ತೀನಿ, ನಿಧಾನವಾಗಿ ಕೇಳು. ಆಪರೇಷನ್ ಥಿಯೇಟರಿಂದ ಫೋನ್ ಬರುತ್ತೆ. ತೊಡೆಯಿಂದಲೋ ತೋಳಿಂದಲೋ ತೆಗೆದ ತುಂಡು, ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದು, ಸಲೈನ್ ಚಿಮುಕಿಸಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಐಸ್ ಡಬ್ಬದಲ್ಲಿ ಬರುತ್ತೆ. ಬಟ್ಟೆ ಒದ್ದೆಯಾಗಿರಬೇಕು, ತೊಟ್ಟಿಕ್ಕಬಾರದು. ನೀರು ಜಾಸ್ತಿಯಾದ್ರೆ ಸ್ನಾಯು ಹೀರಿಕೊಂಡು ಬಿಡುತ್ತೆ. ಎಳೆಗಳ ದಿಕ್ಕು ಲೆನ್ಸ್ ಹಿಡಿದು ನೋಡಿ, ಕಾರ್ಕ್ ತುಂಡಿನ ಮೇಲೆ ಗೋಂದು ಹಾಕಿ ನೆಟ್ಟಗೆ ನಿಲ್ಲಿಸಬೇಕು. ಓರೆ ನಿಂತರೆ ಎಳೆಗಳೆಲ್ಲ ಉದ್ದುದ್ದ ಕಾಣುತ್ವೆ, ಯಾವುದು ಸಣ್ಣ ಯಾವುದು ದಪ್ಪ ಅಂತ ಹೇಳೋಕಾಗಲ್ಲ. ಆಮೇಲೆ ಘನೀಕರಿಸೋದು. ಹೊಸಬರು ಸೀದಾ ದ್ರವ ನೈಟ್ರೋಜನ್ನಿಗೆ ಹಾಕೋಕೆ ಹೋಗ್ತಾರೆ. ಅದು ಮೈನಸ್ 196 ಡಿಗ್ರಿ, ಅದಕ್ಕಿಂತ ತಣ್ಣಗೆ ಏನು ಬೇಕು ಅಂತ.

— ಅದು ಸರಿ ತಾನೆ?

— ಅದೇ ಮೋಸ. ಬೆಚ್ಚಗಿನ ತುಂಡು ತಾಗಿದ ಕೂಡಲೇ ನೈಟ್ರೋಜನ್ ಕುದ್ದು ಸುತ್ತ ಆವಿಯ ಪರದೆ ಕಟ್ಟುತ್ತೆ. ಆ ಪರದೆ ಶಾಖ ಹೊರಗೆ ಹೋಗೋಕೆ ಬಿಡಲ್ಲ. ತುಂಡು ನಿಧಾನವಾಗಿ ಹೆಪ್ಪುಗಟ್ಟುತ್ತೆ, ಎಳೆಗಳೊಳಗೆ ಮಂಜಿನ ಹರಳು ಬೆಳೀತವೆ. ಆಮೇಲೆ ಕತ್ತರಿಸಿ ನೋಡಿದರೆ ಸೆಟ್ ದೋಸೆಯ ಮೈ ಥರ ತೂತೋ ತೂತು. ಅದು ರೋಗದ ತೂತಾ, ನಿನ್ನ ಕೈಯ ತೂತಾ? ಅದಕ್ಕೇ ಲೋಹದ ಲೋಟದಲ್ಲಿ ಐಸೋಪೆಂಟೇನ್ ತಗೊಂಡು, ಆ ಲೋಟವನ್ನ ನೈಟ್ರೋಜನ್ನಿನಲ್ಲಿ ಇಳಿಬಿಡ್ತೀವಿ. ತಳದಲ್ಲಿ ಬೆಳ್ಳಗೆ ಗಟ್ಟಿ ಕಟ್ಟೋಕೆ ಶುರುವಾದಾಗ ಮೈನಸ್ 160ರ ಹತ್ತಿರ ಬಂತು ಅಂತ ಅರ್ಥ. ಆಗ ಇಕ್ಕಳದಲ್ಲಿ ಹಿಡಿದು ಅದ್ದಿ, ಕೆಲವು ಸೆಕೆಂಡು ಅಲ್ಲಾಡಿಸ್ತಾ ಇರಬೇಕು. ಅದು ಕುದಿಯಲ್ಲ, ಪರದೆ ಇಲ್ಲ. ಆಮೇಲೆ ಮೈನಸ್ ಇಪ್ಪತ್ತರ ಕ್ರಯೋಸ್ಟಾಟ್‌ನಲ್ಲಿ ಹತ್ತು ಮೈಕ್ರಾನ್ ಹೋಳು. ಗೊಮೊರಿ ಟ್ರೈಕ್ರೋಮ್ ಹಾಕಿದರೆ ಮೈಟೋಕಾಂಡ್ರಿಯದ ರೋಗದಲ್ಲಿ ಎಳೆಯ ಅಂಚು ಹರಕು ಹರಕಾಗಿ ಕೆಂಪು ಕಾಣುತ್ತೆ. ಡಿಸ್ಟ್ರೋಫಿನ್‌ಗೆ ಪ್ರತಿಕಾಯ ಹಾಕಿದರೆ, ಸರಿಯಿರೋ ಸ್ನಾಯುವಿನಲ್ಲಿ ಪ್ರತಿ ಎಳೆಗೂ ಒಂದು ತೆಳ್ಳನೆ ಗೆರೆ. ಡುಶೇನ್ ಹುಡುಗನಲ್ಲಿ ಆ ಗೆರೆ ಇಲ್ಲ. ಅಲ್ಲೊಂದು ಇಲ್ಲೊಂದು ಎಳೆಗೆ ಮಾತ್ರ ಇರುತ್ತೆ, ರಿವರ್ಟಂಟ್ ಅಂತೀವಿ. ಅದನ್ನ ನೋಡಿ ‘ಔಷಧಿ ಕೆಲಸ ಮಾಡ್ತಿದೆ’ ಅಂದುಕೊಂಡು ಕುಣಿದವರನ್ನೂ ನೋಡಿದ್ದೀನಿ.

— ಇದು ಟೆಕ್ನೀಷಿಯನ್ ಕೆಲಸ ಅಲ್ವಾ?

— ಅಲ್ಲಿರೋ ಅನುಭವಿ ಟೆಕ್ನೀಷಿಯನ್ನೇ ನಿನ್ನ ಮೊದಲ ಗುರು. ಇದನ್ನ ಒಂದು ವರ್ಷ ಕೈಯಾರೆ ಮಾಡಿದೋಳು ಯಾರದೋ ಪ್ರಬಂಧದಲ್ಲಿ ಚಿತ್ರ ನೋಡಿದ ಕೂಡಲೇ ಹೇಳ್ತಾಳೆ, ‘ಇವರು ಸರಿಯಾಗಿ ಫ್ರೀಜ್ ಮಾಡಿಲ್ಲ’ ಅಂತ. ಆ ಕಣ್ಣು ತರಗತಿಯಲ್ಲಿ ಬರಲ್ಲ.

— ನಾನು ಸಿ2ಸಿ12 ಕೋಶ ಬೆಳೆಸಿದ್ದೀನಿ. ಹತ್ತು ಪರ್ಸೆಂಟ್ ಸೀರಮ್‌ನಲ್ಲಿ ಬೆಳೆಸಿ, ಆಮೇಲೆ ಎರಡು ಪರ್ಸೆಂಟ್ ಕುದುರೆ ಸೀರಮ್‌ಗೆ ಬದಲಾಯಿಸಿದರೆ ಒಂದಕ್ಕೊಂದು ಬೆಸೆದುಕೊಂಡು ಉದ್ದ ಎಳೆ ಆಗ್ತವೆ. ಒಂದು ಪ್ಲೇಟಿನಲ್ಲಿ ಅವು ತಾವಾಗೇ ಮಿಡಿದಿದ್ದೂ ಉಂಟು.

— ಒಳ್ಳೇದು. ಅದನ್ನ ಮೊದಲು ನೋಡಿದಾಗ ಯಾರಿಗಾದ್ರೂ ಮೈ ಜುಂ ಅನ್ನುತ್ತೆ. ಆದರೆ ಅದು ಇಲಿಯ ಕೋಶ, 1977ರಿಂದ ಡಬ್ಬಿಯಲ್ಲಿ ಬದುಕ್ತಾ ಇದೆ. ಈ ವಿಷಯದಲ್ಲಿ ಇಲಿ ನಮಗೆ ಬಹಳ ಸಲ ಕೈ ಕೊಟ್ಟಿದೆ. ಎಂಡಿಎಕ್ಸ್ ಇಲಿ ಗೊತ್ತಲ್ಲ, 1984ರಲ್ಲಿ ವರದಿಯಾದದ್ದು. ಹುಡುಗರಲ್ಲಿ ಇಲ್ಲದ ಅದೇ ಡಿಸ್ಟ್ರೋಫಿನ್ ಅದರಲ್ಲೂ ಇಲ್ಲ. ಹುಡುಗರು ಚಿಕಿತ್ಸೆ ಇಲ್ಲದಿದ್ದರೆ ಹನ್ನೆರಡು ವರ್ಷದೊಳಗೆ ನಡೆಯೋದು ನಿಲ್ಲಿಸ್ತಾರೆ. ಇಲಿ ಮುದಿಯಾಗೋವರೆಗೂ ಪಂಜರದಲ್ಲಿ ಓಡಾಡ್ಕೊಂಡಿರುತ್ತೆ. ಇಲಿಯಲ್ಲಿ ಗೆದ್ದು ಮಕ್ಕಳಲ್ಲಿ ಸೋತ ಔಷಧಿಗಳಿಗೆ ಲೆಕ್ಕ ಇಲ್ಲ. ಆಸ್ಪತ್ರೆಯ ಮುಖವನ್ನೇ ನೋಡದೆ ಐದು ವರ್ಷ ಇಲಿಯ ಜೊತೆ ಕಳೆದ ವಿದ್ಯಾರ್ಥಿ ಇಲಿಯ ರೋಗವನ್ನೇ ಡುಶೇನ್ ಅಂದುಕೊಳ್ತಾನೆ. ಅಂಥ ಡಾಕ್ಟರೇಟುಗಳು ಬಹಳ ದೊಡ್ಡ ಹೆಸರಿನ ಊರುಗಳಿಂದಲೂ ಬರ್ತವೆ.

— ಹಾಗಾದ್ರೆ ನಿಮ್ಮ ಮಾತಿನ ಪ್ರಕಾರ ನಾನು ಎಲ್ಲೂ ಹೋಗಬಾರದು, ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಮುಂದೆ ಬಸ್ ಇಳೀಬೇಕು.

— ಇಳಿದು ನೋಡು ಅಂತೀನಿ. ನಿಮ್ಹಾನ್ಸಿನ ನ್ಯೂರೋಮಸ್ಕ್ಯುಲರ್ ಕ್ಲಿನಿಕ್‌ಗೆ ಬರೋ ಕುಟುಂಬಗಳನ್ನ ಒಂದು ದಿನ ನೋಡಿದರೆ ಗೊತ್ತಾಗುತ್ತೆ. ರಾಯಚೂರಿಂದ, ಅನಂತಪುರದಿಂದ, ಬಂಗಾಳದಿಂದ ಕೂಡ. ಆ ಜಾಗದಿಂದ ಬಂದದ್ದು ಕಡಿಮೆ ಏನಲ್ಲ. ಒಂದೇ ಕೈ ಅಥವಾ ಒಂದೇ ಕಾಲು ಮಾತ್ರ ಸೊರಗಿ ಅಲ್ಲಿಗೇ ನಿಂತುಬಿಡೋ ರೋಗವನ್ನ 1984ರಲ್ಲಿ ಎಂ. ಗೌರಿದೇವಿ ಮತ್ತು ಸಂಗಡಿಗರು ಮೋನೋಮೆಲಿಕ್ ಅಮಯೋಟ್ರೋಫಿ ಅಂತ ವಿವರಿಸಿದ್ದು ಅಲ್ಲಿಂದಲೇ. ಅದನ್ನ ಗುರುತಿಸಿದ್ದರಿಂದ ಎಷ್ಟೋ ಹುಡುಗರಿಗೆ ‘ಇದು ಕೊಲ್ಲೋ ಮೋಟಾರ್ ನ್ಯೂರಾನ್ ರೋಗ ಅಲ್ಲ’ ಅಂತ ಹೇಳೋ ಹಾಗಾಯ್ತು. ಇನ್ನು ನಮ್ಮ ಕಡೆಯ ಮದುವೆಗಳು ಗೊತ್ತಲ್ಲ, ಸೋದರಮಾವ, ಅತ್ತೆ ಮಗ. ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಕಾಣಿಸೋ ರೋಗಗಳು ಇಲ್ಲಿ ಹೆಚ್ಚು ಸಿಗ್ತವೆ. ಜಿಎನ್‌ಇ ಮಯೋಪತಿ ಅನ್ನೋ ಅಂಥ ಒಂದು ಸ್ನಾಯುರೋಗದಲ್ಲಿ ನಮ್ಮ ಉಪಖಂಡದ್ದೇ ಆದ ಒಂದು ಪುರಾತನ ರೂಪಾಂತರ ಇದೆ. 727ನೇ ಜಾಗದಲ್ಲಿ ವ್ಯಾಲೀನ್ ಬದಲು ಮೆಥಿಯೋನೀನ್. ಜಪಾನಿನವರ ರೂಪಾಂತರ ಬೇರೆ, ಮಧ್ಯಪ್ರಾಚ್ಯದ ಯಹೂದಿಗಳದ್ದು ಬೇರೆ.

— ಅಂದ್ರೆ ಸಂಶೋಧನೆಗೆ ಇಲ್ಲಿ ರೋಗಿಗಳು ಸಿಗ್ತಾರೆ ಅಂತ. ಕೇಳೋಕೆ ಚೆನ್ನಾಗಿಲ್ಲ ಸರ್ ಅದು.

— ಚೆನ್ನಾಗಿಲ್ಲ, ನಿಜ. ರಕ್ತ ಇಲ್ಲಿಂದ, ಪ್ರಬಂಧದ ಮೊದಲ ಹೆಸರು ಅಲ್ಲಿಂದ ಅನ್ನೋ ಕಾಲವೂ ಇತ್ತು. ಈಗ ಹೊರದೇಶದ ಜೊತೆ ಸೇರಿ ಮಾಡೋ ಕೆಲಸಕ್ಕೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆ ಬೇಕು. ಆದರೆ ಇನ್ನೊಂದು ಕಡೆಯಿಂದ ಯೋಚನೆ ಮಾಡು. ಕೊಪ್ಪಳದ ಹುಡುಗನ ಜೀನ್ ಪರೀಕ್ಷೆ ಮಾಡಿಸ್ತಾರೆ. ಸಾಲ ಮಾಡಿ ದುಡ್ಡು ಕಟ್ಟಿರ್ತಾರೆ. ವರದಿಯಲ್ಲಿ ಬರುತ್ತೆ: ರೂಪಾಂತರ ಸಿಕ್ಕಿದೆ, ಮಹತ್ವ ಅನಿಶ್ಚಿತ. ಯಾಕೆ ಅನಿಶ್ಚಿತ? ಹೋಲಿಸಿ ನೋಡೋ ದತ್ತಾಂಶದಲ್ಲಿ ಹೆಚ್ಚಿನವರು ಯುರೋಪ್ ಮೂಲದವರು, ನಮ್ಮಂಥವರು ಕಡಿಮೆ. ಆ ತಾಯಿ ಇನ್ನೊಂದು ಮಗು ಹೆರಬಹುದಾ ಅಂತ ಕೇಳಿದರೆ ವೈದ್ಯರ ಹತ್ರ ಉತ್ತರ ಇಲ್ಲ. ಆ ರೂಪಾಂತರವನ್ನ ಕೋಶದಲ್ಲಿ ಹಾಕಿ, ಪ್ರೋಟೀನ್ ಕೆಡುತ್ತಾ ಇಲ್ವಾ ಅಂತ ತೋರಿಸೋದು ಒಂದು ಪಿಎಚ್‌ಡಿ. ಅದರಿಂದ ಆ ಮನೆಗೆ ಒಂದು ಉತ್ತರ ಹೋಗುತ್ತೆ.

— ಅಂಥದ್ದನ್ನ ಯಾರಾದ್ರೂ ದೊಡ್ಡ ಪ್ರಮಾಣದಲ್ಲಿ ಮಾಡ್ತಿದ್ದಾರಾ?

— ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕ್ವೀನ್ ಸ್ಕ್ವೇರ್‌ನವರು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ದುಡ್ಡಿನಿಂದ ಒಂದು ಅಂತಾರಾಷ್ಟ್ರೀಯ ಕೇಂದ್ರ ಕಟ್ಟಿದರು. ಬ್ರೆಜಿಲ್, ಟರ್ಕಿ, ದಕ್ಷಿಣ ಆಫ್ರಿಕಾ, ಜಾಂಬಿಯಾ, ಭಾರತ. ನಿಮ್ಹಾನ್ಸ್ ಕೂಡ ಅದರಲ್ಲಿ ಪಾಲುದಾರ. 2023ರಲ್ಲಿ ‘ಬ್ರೇನ್’ ಪತ್ರಿಕೆಗೆ ಬರೆದಾಗ ಸುಮಾರು ಆರು ಸಾವಿರ ಜನರ ಮಾಹಿತಿ ಸೇರಿತ್ತು. ನನಗೆ ಇಷ್ಟವಾದದ್ದು ಸಂಖ್ಯೆ ಅಲ್ಲ. ಒಂದೊಂದು ದೇಶದಲ್ಲೂ ಕಿರಿಯ ವೈದ್ಯರನ್ನ ಫೆಲೋ ಮಾಡ್ಕೊಂಡು, ನರಸ್ನಾಯು ರೋಗದ ಜೆನೆಟಿಕ್ಸ್ ಕಲಿಸಿದರಲ್ಲ, ಅದು. ಜಾಂಬಿಯಾದ ವೈದ್ಯೆಯೂ ಬೆಂಗಳೂರಿನ ವೈದ್ಯನೂ ಒಂದೇ ಆನ್‌ಲೈನ್ ಸಭೆಯಲ್ಲಿ ಒಬ್ಬ ರೋಗಿಯ ಬಗ್ಗೆ ತಲೆ ಕೆಡಿಸ್ಕೊಳ್ತಾರೆ.

— ಆದರೆ ಅದು ವೈದ್ಯರಿಗೆ. ನಾನು ಎಂಎಸ್ಸಿ.

— ಹೌದು, ಅಲ್ಲಿ ನಿನ್ನ ದೂರು ಸರಿ. ನಮ್ಮಲ್ಲಿ ಎಂಬಿಬಿಎಸ್ ಇಲ್ಲದೋರನ್ನ ಕ್ಲಿನಿಕ್ಕಿನ ಬಾಗಿಲಾಚೆ ನಿಲ್ಲಿಸೋ ಚಾಳಿ ಇದೆ. ಗೇನ್ಸ್‌ವಿಲ್‌ನಲ್ಲಿ ಇಲಿ ನೋಡ್ಕೊಳ್ಳೋ ವಿದ್ಯಾರ್ಥಿನಿಯೂ ಕ್ಲಿನಿಕ್ಕಿನ ಮೂಲೆಯಲ್ಲಿ ನಿಂತು ನೋಡೋಕೆ ದಾರಿ ಇದೆ. ಇಲ್ಲಿ ಅದನ್ನ ಕೇಳಿ ಪಡೀಬೇಕು, ಎರಡು ಸಲ ಇಲ್ಲ ಅಂದರೆ ಮೂರನೇ ಸಲ ಕೇಳಬೇಕು.

— ಸಂಬಳ? ಅದನ್ನೂ ಹೇಳಿಬಿಡಿ. ಮನೇಲಿ ಕೇಳ್ತಾರೆ.

— 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಸಿಎಸ್‌ಐಆರ್-ಯುಜಿಸಿ, ಡಿಬಿಟಿ, ಐಸಿಎಂಆರ್, ಯಾವುದರ ಪರೀಕ್ಷೆ ಪಾಸಾದ್ರೂ ಫೆಲೋಶಿಪ್ ನಿನ್ನ ಹೆಸರಲ್ಲೇ ಬರುತ್ತೆ, ಪ್ರಯೋಗಾಲಯ ಆರಿಸೋ ಸ್ವಾತಂತ್ರ್ಯ ಸಿಗುತ್ತೆ. ದುಡ್ಡು ತಿಂಗಳು ತಿಂಗಳಿಗೆ ಸರಿಯಾಗಿ ಬರುತ್ತೆ ಅಂತ ಮಾತ್ರ ನಂಬಬೇಡ. ನಾಲ್ಕು ತಿಂಗಳದ್ದು ಒಟ್ಟಿಗೆ ಬಂದಾಗ ಸಾಲ ತೀರಿಸೋದೇ ಒಂದು ಹಬ್ಬ.

— ನೀವು ಹೋಗಿ ಬಂದವರು ಸರ್. ಫಿಲಡೆಲ್ಫಿಯಾ ನೋಡಿ ಬಂದು ಹೊಸೂರು ರಸ್ತೆ ಸಾಕು ಅನ್ನೋದು ಸುಲಭ. ನನಗೂ ಆ ಲೇಸರ್ ಕೋಣೆ ನೋಡಬೇಕು.

— ನೋಡು. ನಾನು ಬೇಡ ಅಂದೆನಾ? ಒಂದೇ ಅಣುವಿನ ಬಲ ಅಳೆಯೋ ವಿದ್ಯೆಗೆ ಇವತ್ತೂ ಕೆಲವೇ ಊರುಗಳಿಗೆ ಹೋಗಬೇಕು. ಎಎವಿ ವೈರಸ್ ಕವಚದ ಎಂಜಿನಿಯರಿಂಗೂ ಅಷ್ಟೆ. ಎಲ್ಲ ಇಲ್ಲೇ ಇದೆ ಅನ್ನೋದು ಸುಳ್ಳು ದೇಶಪ್ರೇಮ. ಮೊದಲು ಒಂದು ಪ್ರಶ್ನೆ ಹುಟ್ಟಲಿ, ಆಮೇಲೆ ಆ ಪ್ರಶ್ನೆಗೆ ಬೇಕಾದ ಯಂತ್ರ ಯಾವ ಊರಲ್ಲಿದೆಯೋ ಅಲ್ಲಿಗೆ ಹೋಗು. ಪ್ರಶ್ನೆ ಇಲ್ಲದೆ ಹೋದರೆ ಪ್ರೊಫೆಸರರು ತಮ್ಮ ಅನುದಾನದಲ್ಲಿ ಉಳಿದಿರೋ ಮೂರನೇ ಉದ್ದೇಶವನ್ನ ನಿನಗೆ ಅಂಟಿಸ್ತಾರೆ. ಪಿಎಚ್‌ಡಿ ಆದಮೇಲೆ ಪೋಸ್ಟ್‌ಡಾಕ್ ಆಗಿ ಹೋದರೆ ಇನ್ನೂ ಕೆಲವು ಬಾಗಿಲು ತೆರೀತವೆ. ಕೆ99 ಅಂತ ಎನ್‌ಐಎಚ್‌ದೇ ಒಂದು ಅನುದಾನ ಇದೆ, ಪೋಸ್ಟ್‌ಡಾಕ್‌ನಿಂದ ಸ್ವಂತ ಪ್ರಯೋಗಾಲಯಕ್ಕೆ ದಾಟಿಸೋದು. ಅದಕ್ಕೆ ಪೌರತ್ವದ ಅಡ್ಡಿ ಇಲ್ಲ.

— ಪ್ರೊಫೆಸರರಿಗೆ ಮೇಲ್ ಬರೀಬೇಕಲ್ಲ. ನಾನು ಬರೆದಿರೋದು ನೋಡ್ತೀರಾ?

— ಕೊಡು. ‘ಗೌರವಾನ್ವಿತ ಸರ್, ನಾನು ಕಷ್ಟಪಟ್ಟು ದುಡಿಯುವ, ಉತ್ಸಾಹಿ...’ ಇದನ್ನ ಅಳಿಸು. ಈ ಸಾಲು ಓದಿದ ಮೇಲೆ ಯಾರೂ ಮುಂದೆ ಓದಲ್ಲ. ಅವರ ಇತ್ತೀಚಿನ ಪ್ರಬಂಧ ತಗೋ. ಒಂದು ಚಿತ್ರ ಆರಿಸ್ಕೋ. ‘ನಿಮ್ಮ ನಾಲ್ಕನೇ ಚಿತ್ರದಲ್ಲಿ ಡಯಾಫ್ರಮ್ ಸುಧಾರಿಸಿದೆ, ಕಾಲಿನ ಸ್ನಾಯು ಸುಧಾರಿಸಿಲ್ಲ, ಎಳೆಗಳ ಬಗೆ ಬೇರೆ ಅಂತ ಹೀಗಾಯಿತೇ?’ ಅಂತ ಕೇಳು. ನಿನ್ನ ಬಗ್ಗೆ ಮೂರು ಸಾಲು ಸಾಕು, ಅದರಲ್ಲಿ ಒಂದು ಸಾಲು ನೀನು ಕೈಯಾರೆ ಮಾಡಿರೋ ಕೆಲಸದ್ದಿರಲಿ. ಉತ್ತರ ಬಂದರೆ, ಅವರಲ್ಲಿ ಓದಿ ಹೋದವರು ಈಗ ಎಲ್ಲಿದ್ದಾರೆ ಅಂತ ಹುಡುಕಿ, ಅವರಲ್ಲೊಬ್ಬರ ಜೊತೆ ಮಾತಾಡು. ಶನಿವಾರ ರಾತ್ರಿ ಹನ್ನೊಂದಕ್ಕೂ ಲ್ಯಾಬಿನಲ್ಲಿ ಲೈಟ್ ಉರೀತಾ ಇರುತ್ತಾ ಅನ್ನೋದನ್ನ ಪ್ರೊಫೆಸರ್ ಹೇಳಲ್ಲ, ಅವರು ಹೇಳ್ತಾರೆ.

— ಅಮೆರಿಕದ ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರ್. ಅದಕ್ಕೆ ಮುಂಚೆ ಕೈಯಾರೆ ಕೆಲಸ ಕಲಿಯೋಕೆ ಭಾರತೀಯ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಅಂತಾರಲ್ಲ, ಅದಕ್ಕೆ ಹಾಕಬಹುದಾ?

— ಎಂಎಸ್ಸಿ ಮುಗಿಯೋ ಮುಂಚೆ ಆಗಿದ್ರೆ ಹಾಕು ಅಂತಿದ್ದೆ. ಈಗ ನಿನಗೆ ಬೇಕಿರೋದು ಯಾವುದಾದ್ರೂ ಪ್ರಾಜೆಕ್ಟಿನಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಕೆಲಸ. ಸ್ನಾಯುವಿನ ತುಂಡು ಬರೋ ಕಡೆ. ಜೊತೆಗೆ ನೆಟ್ ಪರೀಕ್ಷೆಗೆ ಓದು.

— ಶಿಫಾರಸು ಪತ್ರ ಮೂರು ಬೇಕು. ಇಬ್ಬರು ಒಪ್ಪಿದ್ದಾರೆ. ಮೂರನೆಯದು ನೀವು ಬರೀತೀರಾ?

— ಈಗ ಬರೆದರೆ ಏನಂತ ಬರೀಲಿ? ಪಟ್ಟಿ ಚೆನ್ನಾಗಿ ಮಾಡ್ತಾಳೆ ಅಂತ? ಸೋಮವಾರದಿಂದ ನಮ್ಮ ಕ್ರಯೋಸ್ಟಾಟ್ ಹತ್ರ ಬಂದು ನಿಲ್ಲು. ಈ ಡಿಸೆಂಬರ್ ತಪ್ಪಿದರೆ ಮುಂದಿನ ಡಿಸೆಂಬರ್ ಇದೆ.

— ಎಷ್ಟು ಗಂಟೆಗೆ ಬರಲಿ?

— ಥಿಯೇಟರಿಂದ ಮೊದಲ ಫೋನ್ ಹತ್ತರ ಮೇಲೆ ಬರುತ್ತೆ. ನೀನು ಒಂಬತ್ತಕ್ಕೆ ಬಾ, ನೈಟ್ರೋಜನ್ ತುಂಬಿಸಬೇಕು.